ಒಂದು ಹಕ್ಕಿ, ಮೂರು ಮರ, ಒಂದು ಮಳೆಗಾಲ: ಗೀಜಗದ ಅಧ್ಯಯನ ಮಾಡುವ ಕ್ರಮ

ಒಂದು ಕೆರೆಯ ಮೀನು, ಪಾಚಿ, ಕಪ್ಪೆ, ಕೊಕ್ಕರೆಗಳನ್ನೆಲ್ಲ ಒಟ್ಟಿಗೆ ನೋಡಿ ಅವುಗಳ ನಡುವಿನ ಸಂಬಂಧವನ್ನು ಬಿಡಿಸುವುದು ಪರಿಸರ ಅಧ್ಯಯನದ ಒಂದು ದಾರಿ. ಆ ಕೆರೆಯ ಒಂದೇ ಜೀವಿಯನ್ನು ಹಿಡಿದು, ಅದು ಏನು ತಿನ್ನುತ್ತದೆ, ಎಲ್ಲಿ ಮರಿ ಮಾಡುತ್ತದೆ, ಎಷ್ಟು ಬಿಸಿಲು ಮಳೆಯನ್ನು ತಾಳಿಕೊಳ್ಳುತ್ತದೆ, ಯಾರಿಗೆ ಆಹಾರವಾಗುತ್ತದೆ ಎಂದು ಬೆನ್ನುಹತ್ತುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಆಟೆಕಾಲಜಿ ಎಂದು ಹೆಸರು. ಕನ್ನಡದಲ್ಲಿ ಏಕಪ್ರಭೇದ ಪರಿಸರ ಅಧ್ಯಯನ ಎನ್ನಬಹುದು. ಹೆಸರು ಭಾರವಾಗಿದೆಯೇ ಹೊರತು ಕೆಲಸಕ್ಕೆ ಬೇಕಾಗುವ ಸಾಮಾನು ಹಗುರ. ಅಮೆರಿಕದ ಜೋಸೆಫ್ ಗ್ರಿನೆಲ್ 1917ರಲ್ಲಿ ಕ್ಯಾಲಿಫೋರ್ನಿಯಾದ ಥ್ರ್ಯಾಷರ್ ಎಂಬ ಒಂದೇ ಹಕ್ಕಿಯ ನೆಲೆಯನ್ನು ವಿವರಿಸುತ್ತಲೇ, ಇಂದು ಎಲ್ಲ ಪಠ್ಯಗಳಲ್ಲೂ ಬರುವ ನಿಷ್ (ಪರಿಸರದಲ್ಲಿ ಒಂದು ಜೀವಿಗಿರುವ ಸ್ಥಾನ) ಎಂಬ ಪರಿಕಲ್ಪನೆಗೆ ರೂಪ ಕೊಟ್ಟರು.

ಮುಂಬಯಿಯಲ್ಲಿರುವ ನಮಗೆ ಅಷ್ಟು ದೂರದ ಉದಾಹರಣೆಯ ಅಗತ್ಯವಿಲ್ಲ. 1930ರ ಸುಮಾರಿಗೆ, ಕೈಯಲ್ಲಿ ಉದ್ಯೋಗವಿಲ್ಲದೆ, ಪಕ್ಷಿತಜ್ಞ ಸಲೀಂ ಅಲಿಯವರು ಬಂದರಿನ ಆಚೆ ದಡದ ಅಲಿಬಾಗಿನ ಬಳಿಯ ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ಹೋಗಿ ನೆಲೆಸಿದ್ದರು. ಅಲ್ಲಿನ ಗೀಜಗಗಳನ್ನು ಮಳೆಗಾಲವಿಡೀ ನೋಡುತ್ತ ಕುಳಿತ ಅವರು, ಗಂಡು ಗೀಜಗ ಒಂದು ಗೂಡಿಗೆ ಹೆಣ್ಣು ಬಂದು ನೆಲೆಯಾದ ಮೇಲೆ ಮತ್ತೊಂದು ಗೂಡು ಕಟ್ಟಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ ಎಂಬುದನ್ನು ಸ್ಪಷ್ಟಪಡಿಸಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೊಸೈಟಿ 1883ರಿಂದ ಇದೇ ಊರಿನಲ್ಲಿದೆ, ಗೀಜಗವೂ ಇಲ್ಲಿಯದೇ. ಮರಾಠಿಯ ನೆರೆಹೊರೆಯವರು ಅದನ್ನು ಸುಗರಣ ಎನ್ನುತ್ತಾರೆ.

ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ಮತ್ತು ನಾನು, ಡೊಂಬಿವಲಿಯಿಂದ ಬೆಳಗಿನ ಕರ್ಜತ್ ಲೋಕಲ್ ಹಿಡಿದು ವಾಂಗಣಿಯಲ್ಲಿ ಇಳಿದು, ಗದ್ದೆಗಳ ನಡುವಿನ ಮೂರು ಈಚಲು ಮರಗಳ ಮುಂದೆ ಕುಳಿತು ಕಲಿತ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ನಮ್ಮ ತಪ್ಪುಗಳೂ ಸೇರಿವೆ, ಏಕೆಂದರೆ ಕ್ರಮದ ಹೆಚ್ಚಿನ ಭಾಗ ಆ ತಪ್ಪುಗಳಿಂದಲೇ ಬಂದದ್ದು.

ಜೀವಿಯ ಆಯ್ಕೆ

ಗುಂಪಿನ ಹುಡುಗರಿಗೆ ಮೊದಲು ಹೊಳೆದದ್ದು ಠಾಣೆ ಖಾರಿಗೆ ಬರುವ ಫ್ಲೆಮಿಂಗೋ, ಏಕೆಂದರೆ ಅದರ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ನಾನು ಒಪ್ಪಲಿಲ್ಲ. ಸಾವಿರಗಟ್ಟಲೆ ಹಕ್ಕಿಗಳ ಹಿಂಡಿನಲ್ಲಿ ಒಂದನ್ನು ಗುರುತಿಟ್ಟು ಹಿಂಬಾಲಿಸಲಾಗದು, ಕೆಸರಿನಾಚೆಯ ಹಕ್ಕಿಯ ಬಳಿಗೆ ಹೋಗಲಾಗದು, ಎಲ್ಲಕ್ಕಿಂತ ಮಿಗಿಲಾಗಿ ಅದು ಮೊಟ್ಟೆಯಿಡುವುದು ಇಲ್ಲಲ್ಲ, ಕಛ್‌ನ ರಣದಂಥ ಪ್ರದೇಶದಲ್ಲಿ. ಬದುಕಿನ ಮುಖ್ಯ ಅಧ್ಯಾಯ ಬೇರೆ ಊರಿನಲ್ಲಿ ನಡೆಯುವ ಜೀವಿಯನ್ನು ಭಾನುವಾರದ ರಜೆಯಲ್ಲಿ ಅಧ್ಯಯನ ಮಾಡುವುದಾಗದು. ಹೊಸಬರು ಆರಿಸಿಕೊಳ್ಳುವ ಜೀವಿ ಹತ್ತಿರದಲ್ಲಿರಬೇಕು, ಹಗಲಿನಲ್ಲಿ ಕಾಣಬೇಕು, ಎಣಿಸಬಹುದಾದ ಏನನ್ನಾದರೂ ಬಿಟ್ಟುಹೋಗಬೇಕು. ಗೀಜಗದ ಗೂಡು ಈ ಮೂರನೆಯ ಅಗತ್ಯವನ್ನು ಅಚ್ಚುಕಟ್ಟಾಗಿ ಪೂರೈಸುತ್ತದೆ. ಹಕ್ಕಿ ಹಾರಿಹೋದರೂ ಅದರ ಕೆಲಸ ಮರದಲ್ಲಿ ತೂಗುತ್ತಿರುತ್ತದೆ.

ಆಯ್ದ ಮೇಲೆ ಗುರುತಿನಲ್ಲಿ ಸಂಶಯ ಉಳಿಯಬಾರದು. ಮಳೆಗಾಲದಲ್ಲಿ ಗಂಡು ಗೀಜಗದ ನೆತ್ತಿ ಮತ್ತು ಎದೆ ಹಳದಿಯಾಗಿರುತ್ತವೆ, ಕೆನ್ನೆಯ ಮೇಲೆ ಮುಖವಾಡದಂಥ ಕಡುಕಂದು ಬಣ್ಣವಿರುತ್ತದೆ; ಹೆಣ್ಣು, ಮತ್ತು ಮಳೆಗಾಲ ಕಳೆದ ಮೇಲೆ ಗಂಡು ಸಹ, ದಪ್ಪ ಕೊಕ್ಕಿನ ಗುಬ್ಬಿಯಂತೆ ಕಾಣುತ್ತದೆ. ಜವುಗಿನ ಜೊಂಡಿನಲ್ಲಿ ಗೂಡು ಕಟ್ಟುವ ಗೆರೆಯೆದೆಯ ಗೀಜಗ ಬೇರೆಯೇ ಪ್ರಭೇದ. ಹೆಸರೇ ಹೇಳುವಂತೆ ಅದರ ಎದೆಯ ಮೇಲೆ ಕಪ್ಪು ಗೆರೆಗಳಿರುತ್ತವೆ. ಎರಡೂ ಒಂದೇ ಪುಸ್ತಕದಲ್ಲಿ ಬೆರೆತರೆ ಏಕಪ್ರಭೇದ ಅಧ್ಯಯನ ಮೊದಲ ಪುಟದಲ್ಲಿಯೇ ಕೆಟ್ಟಂತೆ.

ಪ್ರಶ್ನೆ ಚಿಕ್ಕದಾಗಿರಲಿ

‘ಗೀಜಗದ ಜೀವನ’ ಎಂಬುದು ಪ್ರಶ್ನೆಯಲ್ಲ. ಮೊದಲ ದೊಡ್ಡ ಮಳೆಯಾದ ಎಷ್ಟು ದಿನಕ್ಕೆ ಮೊದಲ ಗೂಡಿನ ಗಂಟು ಬೀಳುತ್ತದೆ? ಮರದ ಯಾವ ದಿಕ್ಕಿನಲ್ಲಿ ಹೆಚ್ಚು ಗೂಡುಗಳಿವೆ? ನೀರಿನ ಮೇಲೆ ತೂಗುವ ಗೂಡಿಗೂ ನೆಲದ ಮೇಲೆ ತೂಗುವ ಗೂಡಿಗೂ ನಷ್ಟದಲ್ಲಿ ವ್ಯತ್ಯಾಸವಿದೆಯೇ? ಇವು ಪ್ರಶ್ನೆಗಳು, ಏಕೆಂದರೆ ಇವುಗಳ ಉತ್ತರ ಅಂಕಿಯಲ್ಲಿ ಬರುತ್ತದೆ. ಒಂದು ಮಳೆಗಾಲಕ್ಕೆ ಎರಡು ಪ್ರಶ್ನೆ ಸಾಕು. ಪ್ರತಿಯೊಂದಕ್ಕೂ ನಿಮ್ಮ ಊಹೆಯನ್ನು ಮೇ ತಿಂಗಳಿನಲ್ಲಿಯೇ ಬರೆದು ತಾರೀಖು ಹಾಕಿಡಬೇಕು. ಇಲ್ಲವಾದರೆ ಸೆಪ್ಟೆಂಬರಿನಲ್ಲಿ ಕಂಡದ್ದನ್ನೇ ‘ನಾನು ಮೊದಲೇ ಹೇಳಿದ್ದೆ’ ಎಂದುಕೊಳ್ಳುವ ಚಪಲ ಬರುತ್ತದೆ. ನನಗಂತೂ ಬಂದಿತ್ತು.

ಜಾಗ, ಒಪ್ಪಿಗೆ, ಎಚ್ಚರಿಕೆ

ಗೀಜಗಕ್ಕೆ ಮೂರು ಸೌಕರ್ಯಗಳು ಹತ್ತಿರ ಹತ್ತಿರವಾಗಿ ಬೇಕು: ಗೂಡು ನೇತುಹಾಕಲು ಈಚಲು, ತಾಳೆ, ತೆಂಗು ಅಥವಾ ಮುಳ್ಳಿನ ಜಾಲಿ, ನೇಯಲು ಭತ್ತದ ಗರಿ ಅಥವಾ ಎತ್ತರದ ಹುಲ್ಲು, ತಿನ್ನಲು ಕಾಳು ಮತ್ತು ಮರಿಗಳಿಗೆ ಹುಳುಹುಪ್ಪಟೆ. ಕಾಂಕ್ರೀಟು ಮುಗಿದು ಗದ್ದೆ ಶುರುವಾಗುವ ಬದಲಾಪುರ, ವಾಂಗಣಿ, ಟಿಟವಾಳಾ, ಪನವೇಲ್ ಕಡೆಗಳಲ್ಲಿ ಇಂಥ ಜಾಗವನ್ನು ಹುಡುಕಬೇಕು. ಹಿಂದಿನ ವರ್ಷದ ಒಣಗಿದ ಗೂಡುಗಳು ಏಪ್ರಿಲ್‌ನಲ್ಲಿಯೂ ಮರದಲ್ಲಿ ತೂಗುತ್ತಿದ್ದರೆ ಅದೇ ಒಳ್ಳೆಯ ಗುರುತು.

ಮರ ಯಾರದೋ ಹೊಲದಲ್ಲಿರುತ್ತದೆ. ಮೊದಲ ವರ್ಷ ನಾವು ಬದುವಿನ ಮೇಲೆ ಕುಳಿತೆವೇ ಹೊರತು ಯಜಮಾನರನ್ನು ಮಾತನಾಡಿಸಲಿಲ್ಲ. ಜುಲೈ ಕೊನೆಯಲ್ಲಿ ಒಂದು ಬೆಳಿಗ್ಗೆ ಹೋದರೆ ಮಧ್ಯದ ಮರದ ಕೆಳಗರಿಗಳನ್ನು ಸವರಿ ಹಾಕಿದ್ದರು. ಹಸಿ ಗೂಡುಗಳು ಸೊಪ್ಪಿನ ರಾಶಿಯಲ್ಲಿ ಬಿದ್ದಿದ್ದವು. ಅವರದು ತಪ್ಪಲ್ಲ, ನಾವು ಏನು ಮಾಡುತ್ತಿದ್ದೇವೆಂದು ಅವರಿಗೆ ಗೊತ್ತೇ ಇರಲಿಲ್ಲ. ಮರುವರ್ಷ ಅಕ್ಷಯ ತೃತೀಯೆಗೆ ಮೊದಲೇ ಹೋಗಿ, ಚಹ ಕುಡಿದು, ‘ಕಾಕಾ, ಶಿಂದಿಯ (ಈಚಲಿನ) ಗರಿ ಮಾತ್ರ ಮಳೆಗಾಲ ಮುಗಿಯುವ ತನಕ ಕಡಿಯಬೇಡಿ’ ಎಂದು ಕೇಳಿಕೊಂಡೆವು. ಆಮೇಲೆ ಅವರೇ, ನಾವಿಲ್ಲದ ದಿನಗಳಲ್ಲಿ ಕಂಡದ್ದನ್ನು ಹೇಳತೊಡಗಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯಾನದಲ್ಲಿ ಕಾಡುಹಕ್ಕಿಯ ಮೊಟ್ಟೆಯನ್ನು ಹಾಳುಮಾಡುವುದಷ್ಟೇ ಅಲ್ಲ, ಅದರ ಗೂಡಿಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಆದ್ದರಿಂದ ಏಣಿ ಹಾಕಿ ಗೂಡಿನೊಳಗೆ ಇಣುಕುವುದು, ಕೋಲಿನಿಂದ ಗೂಡನ್ನು ತಿರುಗಿಸುವುದು, ಹಕ್ಕಿ ಹಿಡಿದು ಕಾಲಿಗೆ ಗುರುತಿನ ಬಳೆ ತೊಡಿಸುವುದು ನಮ್ಮ ಕೆಲಸವಲ್ಲ. ಬಳೆ ತೊಡಿಸುವ ಕೆಲಸ ಅನುಮತಿ ಮತ್ತು ತರಬೇತಿ ಪಡೆದವರದು. ಎಷ್ಟು ದೂರ ಕುಳಿತುಕೊಳ್ಳಬೇಕೆಂಬುದನ್ನು ಹಕ್ಕಿಗಳೇ ತಿಳಿಸುತ್ತವೆ: ನೀವು ಕುಳಿತ ಐದು ನಿಮಿಷದೊಳಗೆ ಅವು ಗಾಬರಿಯ ಕೂಗು ನಿಲ್ಲಿಸಿ ನೇಯ್ಗೆಗೆ ಮರಳದಿದ್ದರೆ ಇನ್ನಷ್ಟು ಹಿಂದೆ ಸರಿಯಬೇಕು. ಗದ್ದೆಯ ನೀರಿನಲ್ಲಿ ಬರಿಗಾಲಿನಲ್ಲಿ ನಡೆಯಬಾರದು. ಮುಂಬಯಿಯ ಮಳೆಗಾಲದಲ್ಲಿ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಭಯ ನಿಜವಾದದ್ದು, ಹಾವಿನ ಭಯವೂ ಅಷ್ಟೇ. ಗಮ್‌ಬೂಟು ಕೊಳ್ಳುವ ಹಣ ದುರ್ಬೀನಿನ ಹಣಕ್ಕಿಂತ ಮೊದಲಿನದು. ದುರ್ಬೀನು 8x40 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 40 ಮಿಲಿಮೀಟರ್ ಅಗಲದ ಮುಂಗಾಜಿನದು) ಆದರೆ ಸಾಕು.

ಹಕ್ಕಿ ಬರುವ ಮೊದಲು ನೆಲದ ಲೆಕ್ಕ

ಹೊಸಬರು ಬಿಟ್ಟುಬಿಡುವ ಹಂತ ಇದು. ಹಕ್ಕಿ ಇನ್ನೂ ಬಂದಿಲ್ಲ, ನೋಡುವುದೇನಿದೆ ಎನಿಸುತ್ತದೆ. ಆದರೆ ಪರಿಸರವನ್ನು ಹಕ್ಕಿಯಿಂದ ಬೇರೆಯಾಗಿ ಅಳೆಯಲು ಇರುವ ಸಮಯ ಇದೊಂದೇ.

ಮೊದಲು ಕೈನಕ್ಷೆ ಬರೆಯಬೇಕು: ಮರಗಳು, ನೀರು, ಗದ್ದೆ, ವಿದ್ಯುತ್ ತಂತಿ, ದಾರಿ, ಮನೆ. ದೂರವನ್ನು ಹೆಜ್ಜೆಯಲ್ಲಿ ಅಳೆದು ಆಮೇಲೆ ಮೀಟರಿಗೆ ಇಳಿಸಿದರೆ ಸಾಕು. ಮರದ ಎತ್ತರಕ್ಕೆ ನಮ್ಮ ಊರಿನ ಬಡಗಿಗಳೂ ಬಳಸುವ ಸುಲಭ ಉಪಾಯವಿದೆ: ಕೈಯನ್ನು ನೇರವಾಗಿ ಚಾಚಿ, ಕಣ್ಣಿನಿಂದ ಮುಷ್ಟಿಗಿರುವಷ್ಟೇ ಉದ್ದದ ಕಡ್ಡಿಯನ್ನು ಮುಷ್ಟಿಯ ಮೇಲೆ ನೆಟ್ಟಗೆ ಹಿಡಿದು, ಕಡ್ಡಿಯ ತುದಿ ಮರದ ತುದಿಗೂ ಮುಷ್ಟಿ ಮರದ ಬುಡಕ್ಕೂ ಸರಿಹೊಂದುವವರೆಗೆ ಹಿಂದೆ ಹಿಂದೆ ನಡೆಯಬೇಕು, ನೀವು ನಿಂತ ಜಾಗದಿಂದ ಬುಡಕ್ಕಿರುವ ದೂರವೇ ಮರದ ಎತ್ತರ.

ನಂತರ ಬುಡದಲ್ಲಿ ನಿಂತು ಮೊಬೈಲಿನ ದಿಕ್ಸೂಚಿ ಹಿಡಿದು ಎಂಟು ದಿಕ್ಕುಗಳಲ್ಲಿ ಎಷ್ಟೆಷ್ಟು ಗರಿಗಳಿವೆ ಎಂದು ಎಣಿಸಿಡಬೇಕು. ಗೀಜಗದ ಗೂಡುಗಳು ಮರದ ಪೂರ್ವ ಭಾಗದಲ್ಲಿ ಹೆಚ್ಚು ಎಂದೂ, ನೈಋತ್ಯ ಮುಂಗಾರಿನ ಗಾಳಿಯಿಂದ ಅಲ್ಲಿ ಮರೆ ಸಿಗುವುದು ಅದಕ್ಕೆ ಕಾರಣವಿರಬಹುದೆಂದೂ ಹೇಳುತ್ತಾರೆ. ಆದರೆ ನಿಮ್ಮ ಮರದಲ್ಲಿ ಪೂರ್ವಕ್ಕೇ ಗರಿಗಳು ಹೆಚ್ಚಾಗಿದ್ದರೆ, ಪೂರ್ವದಲ್ಲಿ ಗೂಡು ಹೆಚ್ಚಿರುವುದರಿಂದ ಗಾಳಿಯ ಬಗೆಗೆ ಏನೂ ತಿಳಿಯುವುದಿಲ್ಲ. ಹಕ್ಕಿ ಏನನ್ನು ಆರಿಸಿತು ಎಂಬುದು, ಅದರ ಮುಂದೆ ಏನೇನಿತ್ತು ಎಂಬ ಲೆಕ್ಕದ ಪಕ್ಕದಲ್ಲಿಟ್ಟಾಗ ಮಾತ್ರ ಅರ್ಥ ಪಡೆಯುತ್ತದೆ.

ಮಳೆಮಾಪಕವನ್ನು ಕೊಳ್ಳಬೇಕಾಗಿಲ್ಲ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ನೇರ ಗೋಡೆಯ ಡಬ್ಬಿಯನ್ನು ಬಯಲಿನಲ್ಲಿ ಇಟ್ಟು ಒಳಗೆ ನಿಂತ ನೀರಿನ ಆಳವನ್ನು ಸ್ಕೇಲಿನಿಂದ ಅಳೆದರೆ, ಒಂದು ಸೆಂಟಿಮೀಟರ್ ಆಳ ಎಂದರೆ 10 ಮಿಲಿಮೀಟರ್ ಮಳೆ. ಬಾಯಿ ಎಷ್ಟು ಅಗಲವಿದ್ದರೂ ಲೆಕ್ಕ ಬದಲಾಗದು. ಹವಾಮಾನ ಇಲಾಖೆಯ ದಿನದ ಮಳೆಯ ಲೆಕ್ಕ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ನೀವೂ ಅದೇ ಹೊತ್ತಿಗೆ ಅಳೆದರೆ ಅವರ ಅಂಕಿಯೊಂದಿಗೆ ಹೋಲಿಸಬಹುದು. ನಮ್ಮ ಡಬ್ಬಿ ಕಾಕಾ ಅವರ ಅಂಗಳದಲ್ಲಿತ್ತು, ಅಳೆದು ಬರೆಯುತ್ತಿದ್ದದ್ದು ಅವರ ಮೊಮ್ಮಗಳು.

ಗೂಡಿನ ಹಂತಗಳನ್ನು ಓದುವುದು

ಮೊದಲ ವರ್ಷ ನಮ್ಮ ಪುಸ್ತಕದಲ್ಲಿ ಪ್ರತಿ ವಾರ ಇದ್ದದ್ದು ಒಂದೇ ಅಂಕಿ, ಗೂಡುಗಳ ಒಟ್ಟು ಸಂಖ್ಯೆ. ಅದರಲ್ಲಿ ಎಷ್ಟು ಹೊಸವು, ಎಷ್ಟು ಅರ್ಧಕ್ಕೆ ಬಿಟ್ಟವು, ಎಷ್ಟರಲ್ಲಿ ಮರಿಗಳಿವೆ ಎಂಬುದು ತಿಳಿಯದ ಕಾರಣ ಆ ವರ್ಷದ ಪುಸ್ತಕ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಎರಡನೆಯ ವರ್ಷದಿಂದ ಪ್ರತಿ ಗೂಡಿಗೂ ಒಂದು ಸಂಖ್ಯೆ ಕೊಟ್ಟು, ಮರದ ಚಿತ್ರದ ಮೇಲೆ ಅದರ ಜಾಗವನ್ನು ಗುರುತಿಸಿ, ಪ್ರತಿ ಭೇಟಿಯಲ್ಲೂ ಅದು ಯಾವ ಹಂತದಲ್ಲಿದೆ ಎಂದು ಬರೆಯತೊಡಗಿದೆವು. ಗರಿಯ ತುದಿಗೆ ನಾರು ಸುತ್ತಿದ ಗಂಟು ಮೊದಲ ಹಂತ. ಅದರಿಂದ ಇಳಿಬಿಟ್ಟ ಬಳೆ ಎರಡನೆಯದು. ಬಳೆಯ ಸುತ್ತ ಮೇಲ್ಛಾವಣಿ ಬಂದು ಶಿರಸ್ತ್ರಾಣದಂತೆ ಕಾಣುವುದು ಮೂರನೆಯದು. ಮೊಟ್ಟೆಯ ಕೋಣೆ ಮುಚ್ಚಿದರೆ ನಾಲ್ಕು, ಕೆಳಗೆ ಕೊಳವೆಯಂಥ ಬಾಗಿಲು ಇಳಿದರೆ ಐದು. ಬಿದ್ದದ್ದು, ಹರಿದದ್ದು, ಹಸಿರು ಹೋಗಿ ಒಣಗಿಯೂ ಅರ್ಧಕ್ಕೇ ನಿಂತದ್ದು ಬೇರೆ ಗುರುತು.

ಮೂರನೆಯ ಹಂತದ ಗೂಡುಗಳ ಮುಂದೆ ಹೆಚ್ಚು ಹೊತ್ತು ಕುಳಿತುಕೊಳ್ಳಬೇಕು. ಗಂಡು ಭತ್ತದ ಗರಿಯ ಅಂಚಿಗೆ ಕೊಕ್ಕಿನಿಂದ ಒಂದು ಕಚ್ಚು ಹಾಕಿ, ಆ ಕಚ್ಚನ್ನು ಬಿಗಿಯಾಗಿ ಹಿಡಿದು ಹಾರುತ್ತದೆ. ಹಾರಾಟದ ಸೆಳೆತಕ್ಕೆ ಗರಿ ಸೀಳಿ ಉದ್ದನೆಯ ನಾರು ಬಾಲದಂತೆ ಹಿಂದೆ ಹರಿದಾಡುತ್ತ ಬರುತ್ತದೆ. ಇಂಥ ನಾರು 20ರಿಂದ 60 ಸೆಂಟಿಮೀಟರ್ ಉದ್ದವಿರಬಹುದು, ಒಂದು ಗೂಡು ಮುಗಿಯುವ ಹೊತ್ತಿಗೆ ಗಂಡು ಸುಮಾರು 500 ಬಾರಿ ಹೋಗಿಬಂದಿರಬಹುದು. ಶಿರಸ್ತ್ರಾಣದ ಹಂತ ತಲುಪಲು ಸುಮಾರು 8 ದಿನ, ಪೂರ್ತಿ ಗೂಡಿಗೆ ಸುಮಾರು 18 ದಿನ. ಆ ನಡುವಿನ ಹಂತದಲ್ಲಿ ಹೆಣ್ಣುಗಳು ಮರಕ್ಕೆ ಬರುತ್ತವೆ. ಒಂದು ಹೆಣ್ಣು ಬಳಿಗೆ ಬಂದೊಡನೆ ಗಂಡುಗಳೆಲ್ಲ ತಮ್ಮ ತಮ್ಮ ಅರ್ಧ ಗೂಡಿಗೆ ನೇತುಬಿದ್ದು ರೆಕ್ಕೆ ಬಡಿಯುತ್ತ ಕೂಗುತ್ತವೆ. ದಾದರಿನ ಪ್ಲಾಟ್‌ಫಾರ್ಮಿನ ಗದ್ದಲ ನೆನಪಾಗುತ್ತದೆ. ಹೆಣ್ಣು ಮಾತ್ರ ಗಡಿಬಿಡಿಯಿಲ್ಲದೆ ಒಳಗೆ ಹೊಕ್ಕು, ಅಲ್ಲಿ ಇಲ್ಲಿ ನಾರು ಎಳೆದು ನೋಡಿ, ಎಷ್ಟೋ ಸಲ ಹಾಗೆಯೇ ಹಾರಿಹೋಗುತ್ತದೆ. ಒಪ್ಪಿದರೆ ಗಂಡು ಉಳಿದ ಭಾಗವನ್ನು ಪೂರ್ಣಗೊಳಿಸಿ, ಮುಂದಿನ ಗೂಡಿನ ಗಂಟು ಹಾಕಲು ಹೊರಡುತ್ತದೆ. ಹೆಣ್ಣು ಒಪ್ಪುವಾಗ ನೇಯ್ಗೆಗಿಂತ ಗೂಡಿರುವ ಜಾಗಕ್ಕೇ ಹೆಚ್ಚು ಬೆಲೆ ಕೊಡುತ್ತದೆಂದು ಸಂಶೋಧನೆಯೊಂದು ಕಂಡುಕೊಂಡಿದೆ. ಮೊದಲು ಎಣಿಸಿಟ್ಟ ಗರಿಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಳಗೆ ಇಣುಕದೆ ಮೊಟ್ಟೆ ಮರಿಗಳನ್ನು ತಿಳಿಯುವುದು ಹೇಗೆ? ಹೆಣ್ಣು ಕೊಳವೆಯೊಳಗೆ ಹೋಗಿ ಬಹಳ ಹೊತ್ತು ಹೊರಬರದಿದ್ದರೆ ಕಾವು ಕೊಡುತ್ತಿದೆ ಎಂದು ಊಹಿಸಬಹುದು. ಕೊಕ್ಕಿನಲ್ಲಿ ಮಿಡತೆಯಂಥ ಹುಳುವನ್ನು ಹಿಡಿದು ಒಳಹೋಗಿ ಬರಿಗೊಕ್ಕಿನಲ್ಲಿ ಹೊರಬಂದರೆ ಮರಿಗಳಿವೆ. ಮೊಟ್ಟೆ 2ರಿಂದ 4, ಕಾವು 14ರಿಂದ 17 ದಿನ, ಮರಿ ಗೂಡು ಬಿಡಲು ಇನ್ನು ಸುಮಾರು 17 ದಿನ. ಈ ಅಂಕಿಗಳನ್ನು ಪುಸ್ತಕದ ಹಿಂಬದಿಗೆ ಬರೆದುಕೊಂಡರೆ ಯಾವ ಗೂಡಿನಿಂದ ಯಾವ ವಾರ ಮರಿ ಹಾರಬೇಕೆಂದು ಮೊದಲೇ ಲೆಕ್ಕ ಹಾಕಬಹುದು.

ಬೆಳಗಿನ ಎರಡು ತಾಸಿನ ಅವಧಿಯಲ್ಲಿ ಪ್ರತಿ ಮರಕ್ಕೆ ಹದಿನೈದು ನಿಮಿಷ, ಸರದಿ ಬದಲಿಸಿ. ಏನೂ ನಡೆಯದ ಹದಿನೈದು ನಿಮಿಷವನ್ನೂ ಸೊನ್ನೆ ಹಾಕಿ ಬರೆಯಬೇಕು. ಮಳೆ ಸುರಿಯುತ್ತಿದೆ ಎಂದು ಮನೆಯಲ್ಲಿ ಉಳಿದ ದಿನವನ್ನು ‘ಹೋಗಲಿಲ್ಲ’ ಎಂದು ಬರೆಯಬೇಕೇ ಹೊರತು ಸೊನ್ನೆ ಹಾಕಬಾರದು; ಇವೆರಡೂ ಒಂದೇ ಅಲ್ಲ. ಕಂಡದ್ದು ಒಂದು ಕಡೆ, ಅದರ ಅರ್ಥ ಇನ್ನೊಂದು ಕಡೆ ಇರಲಿ. ಗೂಡಿನ ಒಳಗೋಡೆಗೆ ಹಸಿ ಮಣ್ಣಿನ ಉಂಡೆ ಮೆತ್ತಿರುವುದು ಕಂಡ ಹುಡುಗನೊಬ್ಬ, ಗೀಜಗ ಮಿಂಚುಹುಳ ಅಂಟಿಸಿ ದೀಪ ಹಚ್ಚುತ್ತದೆ ಎಂದು ಅಜ್ಜಿ ಹೇಳಿದ ಕಥೆಯನ್ನು ಟಿಪ್ಪಣಿಗೆ ಸೇರಿಸಿದ್ದ. ಕಥೆ ಚೆನ್ನಾಗಿದೆ. ಪುಸ್ತಕದಲ್ಲಿ ಮಾತ್ರ ‘ಮಣ್ಣು, ಎರಡು ಉಂಡೆ, ಗೂಡು ಸಂಖ್ಯೆ 11’ ಎಂದಷ್ಟೇ ಇರಬೇಕು.

ಶತ್ರುಗಳು, ಬಾಡಿಗೆದಾರರು

ಕಾಗೆ, ಹಾವು, ಇಲಿ, ಓತಿಕೇತ ಬಂದಾಗ ವೇಳೆ, ಯಾವ ಮರ, ಯಾವ ಗೂಡು, ಹಕ್ಕಿಗಳು ಏನು ಮಾಡಿದವು ಎಂಬುದನ್ನು ಬರೆಯಬೇಕು. ಹಳೆಯ ಗೂಡುಗಳಲ್ಲಿ ರಾಟವಾಳಗಳೂ ಇಲಿಗಳೂ ಸೇರಿಕೊಳ್ಳುತ್ತವೆ. ಅಂಥ ಗೂಡನ್ನು ಗೀಜಗದ ಸಂಸಾರವೆಂದು ಎಣಿಸಿಬಿಡುವುದು ಸುಲಭವಾದ ತಪ್ಪು.

ಲೆಕ್ಕಕ್ಕೆ ಕುಳಿತಾಗ

ಸೆಪ್ಟೆಂಬರಿನಲ್ಲಿ ಮೊದಲು ಮಾಡಬೇಕಾದದ್ದು ಒಂದು ನಕ್ಷೆ: ಅಡ್ಡಕ್ಕೆ ದಿನಾಂಕ, ಮೇಲಕ್ಕೆ ದಿನದ ಮಳೆ, ಅದರ ಕೆಳಗೆ ಅದೇ ದಿನಾಂಕಗಳಿಗೆ ಹೊಸ ಗಂಟುಗಳ ಸಂಖ್ಯೆ. ಮುಂಬಯಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಎರಡನೆಯ ವಾರ ಬರುತ್ತದೆ. ಗೂಡಿನ ಕೆಲಸ ಶುರುವಾಗಲು ಮಳೆಯೇ ಸಾಕೋ, ಮಳೆಯಿಂದ ನಾರು ಸೀಳುವಷ್ಟು ಉದ್ದಕ್ಕೆ ಹುಲ್ಲು ಬೆಳೆಯುವುದು ಬೇಕೋ ಎಂಬ ಪ್ರಶ್ನೆ ಈ ನಕ್ಷೆಯಿಂದಲೇ ಏಳುತ್ತದೆ. ಆದ್ದರಿಂದ ಹುಲ್ಲಿನ ಎತ್ತರವನ್ನೂ ವಾರಕ್ಕೊಮ್ಮೆ ಅಳೆದಿಡುವುದು ಒಳ್ಳೆಯದು. ಜೀವಿಗೆ ಪ್ರತಿಯೊಂದು ಅಂಶವೂ ಅತಿ ಕಡಿಮೆಯಾದರೂ ಅತಿ ಹೆಚ್ಚಾದರೂ ತೊಡಕು ಎಂದು ವಿಕ್ಟರ್ ಶೆಲ್ಫರ್ಡ್ 1913ರಲ್ಲಿ ಹೇಳಿದ ಸಹಿಷ್ಣುತೆಯ ನಿಯಮವನ್ನು ಇಲ್ಲಿ ನೆನೆಯಬಹುದು: ಮಳೆಯಿಲ್ಲದೆ ಗೂಡಿಲ್ಲ, ಆದರೆ ಬಿರುಗಾಳಿಯ ಮಳೆಯ ಮರುದಿನ ನೆಲದ ಮೇಲೆ ಬಿದ್ದಿರುವುದೂ ಗೂಡುಗಳೇ.

ಎಷ್ಟು ಗೂಡುಗಳು ಗೆದ್ದವು ಎಂಬ ಲೆಕ್ಕದಲ್ಲಿ ಒಂದು ಮೋಸವಿದೆ. ಮಾದರಿಗೆಂದು 20 ಗೂಡುಗಳನ್ನು ಮೊಟ್ಟೆಯಿಟ್ಟ ಮೇಲೆ ಗಮನಿಸಿದಿರಿ, 8 ಹಾಳಾದವು ಎಂದುಕೊಳ್ಳಿ. ಶೇಕಡಾ 60 ಗೆದ್ದವು ಎಂದು ಬರೆಯುವ ಆಸೆಯಾಗುತ್ತದೆ. ಆದರೆ ನೀವು ನೋಡುವ ಮೊದಲೇ ಹಾಳಾದ ಗೂಡುಗಳು ನಿಮ್ಮ ಪುಸ್ತಕಕ್ಕೆ ಬಂದೇ ಇಲ್ಲ. ಇದನ್ನು ಸರಿಪಡಿಸಲು ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಸೂಚಿಸಿದ ಕ್ರಮದಲ್ಲಿ, ಪ್ರತಿ ಗೂಡನ್ನು ನೀವು ಎಷ್ಟು ದಿನ ಗಮನಿಸಿದಿರೋ ಆ ದಿನಗಳನ್ನೆಲ್ಲ ಕೂಡಬೇಕು. ಅದು 400 ಆದರೆ, 8ನ್ನು 400ರಿಂದ ಭಾಗಿಸಿದಾಗ ದಿನಕ್ಕೆ 0.02 ನಷ್ಟ, ಅಂದರೆ ಒಂದು ಗೂಡು ಒಂದು ದಿನ ಉಳಿಯುವ ಸಂಭವ 0.98. ಕಾವಿನ 15 ದಿನ, ಮರಿಯ 17 ದಿನ ಸೇರಿ 32 ದಿನ, 0.98ನ್ನು 32 ಬಾರಿ ಗುಣಿಸಿದರೆ ಸುಮಾರು 0.52. ಶೇಕಡಾ 60 ಅಲ್ಲ, 52. ನೀರಿನ ಮೇಲಿನ ಗೂಡುಗಳಿಗೆ ಒಂದು, ನೆಲದ ಮೇಲಿನವುಗಳಿಗೆ ಒಂದು ಎಂದು ಇದೇ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡಿ ಹೋಲಿಸಬೇಕು.

ನಿಮ್ಮ ಕಣ್ಣಿನ ಪಕ್ಷಪಾತವನ್ನೂ ಹುಡುಕಬೇಕು. ನಾವು ಒಂದು ಇಡೀ ವರ್ಷ ಒಂದೇ ಬದುವಿನ ಮೇಲೆ ಕುಳಿತಿದ್ದೆವು, ಹಾಗಾಗಿ ಮರದ ಆಚೆ ಬದಿಯ ಗೂಡುಗಳು ತಡವಾಗಿ ಪುಸ್ತಕಕ್ಕೆ ಸೇರುತ್ತಿದ್ದವು. ದಿಕ್ಕಿನ ಪ್ರಶ್ನೆಗೆ ಬಂದ ಉತ್ತರ ಹಕ್ಕಿಯದೋ ನಮ್ಮ ಆಸನದ್ದೋ ಎಂದು ಹೇಳಲಾಗಲಿಲ್ಲ. ಈಗ ಪ್ರತಿ ಭೇಟಿಯ ಕೊನೆಗೆ ಮರದ ಸುತ್ತ ಒಂದು ಸುತ್ತು ಹಾಕುತ್ತೇವೆ.

ಮಳೆಗಾಲ ಮುಗಿದ ಮೇಲೆ

ಹಕ್ಕಿ ಗೂಡಿನಲ್ಲಿ ಇರುವುದು ವರ್ಷದ ಕೆಲವು ತಿಂಗಳು ಮಾತ್ರ. ಚಳಿಗಾಲದಲ್ಲಿ ಗೀಜಗಗಳು ಬಣ್ಣ ಕಳೆದುಕೊಂಡು ಹಿಂಡಾಗಿ ಗದ್ದೆಗಳಲ್ಲಿ ಕಾಳು ಹುಡುಕುತ್ತವೆ, ಸಂಜೆ ನೀರಿನ ಬಳಿಯ ಜೊಂಡಿನಲ್ಲಿ ತಂಗುತ್ತವೆ. ತಿಂಗಳಿಗೆ ಎರಡು ಸಂಜೆ ಆ ಹಿಂಡನ್ನು ಹತ್ತು ಹತ್ತಾಗಿ ಎಣಿಸಿ, ಹಕ್ಕಿ ನೋಡುವವರು ತಮ್ಮ ಎಣಿಕೆಗಳನ್ನು ಸೇರಿಸುವ ಇಬರ್ಡ್ ಜಾಲತಾಣದಲ್ಲಿ ದಾಖಲಿಸಿದರೆ ಬೇರೆಯವರ ಎಣಿಕೆಯೊಂದಿಗೆ ಸೇರುತ್ತದೆ.

ನವೆಂಬರಿನಲ್ಲಿ, ಬಳಕೆ ಮುಗಿದು ತಾನಾಗಿ ನೆಲಕ್ಕೆ ಬಿದ್ದ ಗೂಡೊಂದನ್ನು ಕಾಗದದ ಮೇಲಿಟ್ಟು ಬಿಡಿಸಿ ನೋಡಬಹುದು. ಮೊದಲು ತೂಕ, ಆಮೇಲೆ ಉದ್ದ, ಆಮೇಲೆ ನಾರುಗಳನ್ನು ಬೇರೆ ಬೇರೆ ಗುಂಪಾಗಿ ಇಟ್ಟು ಭತ್ತದ್ದೆಷ್ಟು, ಹುಲ್ಲಿನದ್ದೆಷ್ಟು, ಈಚಲಿನದ್ದೆಷ್ಟು ಎಂದು ಎಣಿಕೆ. ಅರ್ಧ ದಿನದ ಕೆಲಸ. ಬಿಡಿಸಿದ ನಾರುಗಳನ್ನು ಲಕೋಟೆಯಲ್ಲಿ ಹಾಕಿ, ಗೂಡಿನ ಸಂಖ್ಯೆ, ಮರ, ದಿಕ್ಕು, ಬಿದ್ದ ದಿನಾಂಕವನ್ನು ಮೇಲೆ ಬರೆದು, ಮುಂದಿನ ಏಪ್ರಿಲ್‌ನಲ್ಲಿ ಗರಿ ಎಣಿಸಲು ಹೋಗುವಾಗ ಜೊತೆಗೆ ಒಯ್ಯಬೇಕು. ಯಾವ ಹುಲ್ಲನ್ನು ವಾರ ವಾರ ಅಳೆಯಬೇಕೆಂಬುದು ಆ ಲಕೋಟೆಯಿಂದಲೇ ಗೊತ್ತಾಗುತ್ತದೆ.